ಹಳೆಮನೆಯ ಹರಾಜು: ಮರದ ಸಾಮಾನು ಕೊಳ್ಳುವ ಮುನ್ನ

ಸುಳ್ಯದಿಂದ ಸಂಪಾಜೆಯತ್ತ ಸಾಗುವ ಹೆದ್ದಾರಿಯಲ್ಲಿರುವ ಊರು ಅರಂತೋಡು. ಸುಳ್ಯ, ಪುತ್ತೂರು, ಕಡಬ ಸೀಮೆಯ ಕೂಡುಕುಟುಂಬಗಳ ಹಳೆಯ ಹೆಂಚಿನ ಮನೆಗಳೆಂದರೆ ಚಾವಡಿಯ ತೂಗುಮಂಚ, ಒರಗುಕುರ್ಚಿ, ಭತ್ತ ತುಂಬುವ ಪತ್ತಾಯ, ದೊಡ್ಡ ಪೆಟ್ಟಿಗೆಯಾದ ಕಲೆಂಬಿ ನೆನಪಿಗೆ ಬರುತ್ತವೆ. ಆಸ್ತಿ ಪಾಲಾಗಿ ಅಂಥ ಮನೆಯ ಬಾಗಿಲು ಮುಚ್ಚಿದಾಗ ಈ ಸಾಮಾನು ಹರಾಜಿಗೋ ಗುಜರಿಗೋ ಹೋಗುವುದುಂಟು. ಆಗ ವಸ್ತು ಉಳಿದರೂ ಅದು ಯಾವ ಮನೆಯದು ಎಂಬ ಮಾಹಿತಿ ಅಳಿದುಹೋಗುತ್ತದೆ.

ಈ ನಷ್ಟವನ್ನು ತಡೆಯಲು ಕರಾವಳಿಯಲ್ಲಿ ನಡೆದ ದೊಡ್ಡ ಪ್ರಯತ್ನ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ. 2017ರಲ್ಲಿ ನಿಧನರಾದ ವಿಜಯನಾಥ ಶೆಣೈ ಅವರು ಅಳಿವಿನಂಚಿನಲ್ಲಿದ್ದ ಕಟ್ಟಡಗಳನ್ನು ಬಿಚ್ಚಿ ತರಿಸಿ ಅಲ್ಲಿ ಮರುಜೋಡಿಸಿದರು. ಕುಂಜೂರಿನ ಚೌಕಿಮನೆ, ಕುಕನೂರಿನ ಕಮಲ ಮಹಲ್ ಮೊದಲಾದವು ಇಂದಿಗೂ ಮೂಲ ಊರಿನ ಹೆಸರಿನಿಂದಲೇ ಗುರುತಿಸಲ್ಪಡುತ್ತವೆ.

ಪರೀಕ್ಷೆ ಹೇಗೆ?

ಮೇಲಿನ ಪಾಲಿಶ್ ನಂಬಲರ್ಹವಲ್ಲ. ಅಗ್ಗದ ಮರಕ್ಕೆ ಬಣ್ಣ ಬಳಿದು ಬೀಟೆ ಎಂದು ಮಾರುವುದುಂಟು. ಪಾಲಿಶ್ ತಾಗದ ಅಡಿಭಾಗವನ್ನು ನೋಡಬೇಕು. ಬೀಟೆ ಭಾರವಾಗಿದ್ದು ಕಡುಕಂದು ಬಣ್ಣದ್ದಾಗಿರುತ್ತದೆ. ಹೊಸದರಲ್ಲಿ ಹಳದಿಯಾಗಿರುವ ಹಲಸು ವರ್ಷ ಕಳೆದಂತೆ ಕೆಂಗಂದಾಗುತ್ತದೆ. ಸಣ್ಣ ತೂತುಗಳ ಕೆಳಗೆ ಹೊಸ ಹುಡಿ ಕಂಡರೆ ಕುಟ್ಟೆ ಹುಳು ಇನ್ನೂ ಜೀವಂತವಾಗಿದೆ ಎಂದರ್ಥ. ಅಧಿಕ ಚಿಹ್ನೆಯಂಥ ಗೀರಿನ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಅದಕ್ಕಿಂತ ಹಳೆಯದೆನ್ನುವ ವಸ್ತುವಿನಲ್ಲಿ ಅದಿದ್ದರೆ ದುರಸ್ತಿಯೋ ನಕಲೋ ಆಗಿರಬೇಕು.

ಕಾನೂನು ಏನು ಹೇಳುತ್ತದೆ?

1930ರ ಸರಕು ಮಾರಾಟ ಕಾಯಿದೆಯ 64ನೇ ಕಲಮಿನಂತೆ, ಹರಾಜುದಾರ ಸುತ್ತಿಗೆ ಬಡಿದೋ ರೂಢಿಯ ಬೇರೆ ವಿಧಾನದಿಂದಲೋ ಘೋಷಿಸಿದಾಗ ಮಾರಾಟ ಪೂರ್ಣಗೊಳ್ಳುತ್ತದೆ. ಅಲ್ಲಿಯವರೆಗೆ ಕೂಗಿದವರು ತಮ್ಮ ಸವಾಲನ್ನು ಹಿಂತೆಗೆದುಕೊಳ್ಳಬಹುದು. ಬೆಲೆ ಏರಿಸಲು ಮಾರಾಟಗಾರ ಸುಳ್ಳು ಸವಾಲು ಕೂಗಿಸಿದ್ದರೆ ಖರೀದಿಯನ್ನು ರದ್ದುಪಡಿಸುವ ಹಕ್ಕು ಕೊಂಡವರಿಗಿದೆ. ಆದರೆ ‘ಇದ್ದಲ್ಲಿ, ಇದ್ದಂತೆ’ ಎಂಬ ಷರತ್ತಿನ ಹರಾಜಿನಲ್ಲಿ ಕಂಡ ಕೊರತೆಗೆ ಮತ್ತೆ ದೂರುವುದು ಕಷ್ಟ. ಆದ್ದರಿಂದ ಸಾಮಾನನ್ನು ಮುಂಚಿತವಾಗಿಯೇ ನೋಡಬೇಕು. ಸಾಗಾಟದ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕು.

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯನ್ವಯ, ಕನಿಷ್ಠ 100 ವರ್ಷ ಹಳೆಯದಾದ ಕುಶಲಕಲೆಯ ವಸ್ತುಗಳಷ್ಟೇ ಅಲ್ಲ, ಕಟ್ಟಡದಿಂದ ಬಿಚ್ಚಿದ ವಸ್ತುಗಳೂ ಪ್ರಾಚ್ಯವಸ್ತುಗಳಾಗಬಹುದು. ಕೆತ್ತನೆಯ ಬಾಗಿಲು, ಕಂಬಗಳ ವಿಷಯದಲ್ಲಿ ಇದು ಮುಖ್ಯ. ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ.

ರಸೀದಿಯಲ್ಲಿ ಬೆಲೆಯೊಂದಿಗೆ ಮನೆಯ ಹೆಸರು, ಊರು, ದಿನಾಂಕಗಳನ್ನು ಬರೆಸಿಕೊಳ್ಳುವುದು ಒಳಿತು. ಬಿಚ್ಚುವ ಮುನ್ನ ವಸ್ತು ಇದ್ದ ಜಾಗದಲ್ಲೇ ಒಂದು ಛಾಯಾಚಿತ್ರ ತೆಗೆದಿಟ್ಟರೆ, ಮನೆ ನೆಲಸಮವಾದ ಮೇಲೂ ಆ ಪತ್ತಾಯ ಯಾರ ಬೆಳೆ ಕಾದಿತ್ತೆಂಬುದಕ್ಕೆ ದಾಖಲೆ ಉಳಿಯುತ್ತದೆ.