ಓಬವ್ವನ ಕಿಂಡಿ: ಬಾಯಿಮಾತಿನ ಕಥೆ ಮತ್ತು ‘ನಾಗರಹಾವು’ ಚಿತ್ರದ ಹಾಡು

ಚಿತ್ರದುರ್ಗ ಸೀಮೆಯಲ್ಲಿ ಬೆಳೆದ ಮಗುವಿಗೆ ಒನಕೆ ಓಬವ್ವನ ಕಥೆಯನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಅದು ಮನೆಯಲ್ಲಿ, ಶಾಲೆಯಲ್ಲಿ, ಕೋಟೆ ನೋಡಲು ಹೋದಾಗ ಕಿವಿಗೆ ತಾನಾಗಿ ಬೀಳುತ್ತದೆ. ಒಬ್ಬ ಹೆಂಗಸು, ಒಂದು ಒನಕೆ, ಬಂಡೆಯ ನಡುವಿನ ಒಂದು ಕಿಂಡಿ, ಒಂದರ ಹಿಂದೊಂದು ಉರುಳುವ ತಲೆಗಳು. ರಾಕ್ಷಸನೂ ಇಲ್ಲ, ಮಂತ್ರದಂಡವೂ ಇಲ್ಲ. ಆದರೂ ಮಕ್ಕಳು ಇದನ್ನು ಕೇಳುವುದು ಅದ್ಭುತ ಕಥೆಯನ್ನು ಕೇಳುವ ಬೆರಗಿನಲ್ಲೇ. ಈ ಕಥೆಗೆ ಈಗ ಎರಡು ರೂಪಗಳಿವೆ: ಕೋಟೆಯ ಸುತ್ತಲಿನ ಊರುಗಳಲ್ಲಿ ಬಾಯಿಂದ ಬಾಯಿಗೆ ಬಂದದ್ದು ಒಂದು, 1972ರ ಡಿಸೆಂಬರಿನಲ್ಲಿ ತೆರೆಕಂಡ ‘ನಾಗರಹಾವು’ ಚಿತ್ರದ ಹಾಡಿನಲ್ಲಿ ಮೂಡಿದ್ದು ಇನ್ನೊಂದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಈ ಟಿಪ್ಪಣಿಯ ಉದ್ದೇಶ. ಸಿನಿಮಾ ಕಥೆಯನ್ನು ಕೆಡಿಸಿತೆಂದು ದೂರುವುದು ನನ್ನ ಗುರಿಯಲ್ಲ. ಹಾಡು ಕಥೆಯ ಯಾವ ಭಾಗವನ್ನು ಉಳಿಸಿತು, ಯಾವುದನ್ನು ಬದಲಿಸಿತು, ಆ ಬದಲಾವಣೆಗೆ ಕಾರಣವೇನು ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಬಾಯಿಮಾತಿನ ಕಥೆಯ ಹಂದರ

ಕಥೆಯ ಹಂದರ ಸರಳ. ಕೊನೆಯ ಮದಕರಿನಾಯಕನ ಕಾಲ. ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದೆ. ಏಳು ಸುತ್ತಿನ ಕೋಟೆಯನ್ನು ಹೊರಗಿನಿಂದ ಒಡೆಯಲಾಗದೆ ಶತ್ರುಗಳು ಕಾದು ಕೂತಿದ್ದಾರೆ. ಬಂಡೆಗಳ ನಡುವಿನ ಕಿಂಡಿಯೊಂದರಿಂದ ಒಬ್ಬ ಹೆಂಗಸು ಒಳಕ್ಕೆ ನುಸುಳುವುದು ಅವರ ಕಣ್ಣಿಗೆ ಬೀಳುತ್ತದೆ. ಅದೇ ಕಿಂಡಿಯಿಂದ ಒಬ್ಬೊಬ್ಬರನ್ನೇ ಒಳಗೆ ಕಳಿಸುವ ಸಂಚು ಹೂಡುತ್ತಾರೆ. ಅಲ್ಲಿನ ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆಂದು ಮನೆಗೆ ಬಂದಿರುತ್ತಾನೆ. ನೀರು ತರಲು ಹೊರಟ ಅವನ ಹೆಂಡತಿ ಓಬವ್ವನಿಗೆ ಕಿಂಡಿಯ ಕಡೆಯಿಂದ ಸದ್ದು ಕೇಳಿಸುತ್ತದೆ. ಉಣ್ಣುತ್ತಿರುವ ಗಂಡನನ್ನು ಎಬ್ಬಿಸದೆ ಅವಳು ಒನಕೆ ಹಿಡಿದು ಕಿಂಡಿಯ ಪಕ್ಕ ನಿಲ್ಲುತ್ತಾಳೆ. ತಲೆ ಹೊರಬಂದಂತೆಲ್ಲ ಹೊಡೆಯುತ್ತಾಳೆ, ಹೆಣವನ್ನು ಪಕ್ಕಕ್ಕೆಳೆಯುತ್ತಾಳೆ, ಮುಂದಿನ ತಲೆಗೆ ಕಾಯುತ್ತಾಳೆ. ಊಟ ಮುಗಿಸಿ ಬಂದ ಗಂಡ ಹೆಣದ ರಾಶಿಯನ್ನು ಕಂಡು ಕಹಳೆ ಊದುತ್ತಾನೆ, ಕೋಟೆಯ ಪಡೆ ಧಾವಿಸಿ ಬರುತ್ತದೆ. ಓಬವ್ವ ಅಂದೇ ಸಾಯುತ್ತಾಳೆ. ಶತ್ರುವಿನ ಕೈಯಲ್ಲಿ ಎಂದು ಕೆಲವರು ಹೇಳುತ್ತಾರೆ, ಆಘಾತದಿಂದ ಎಂದು ಇನ್ನು ಕೆಲವರು.

ಇಷ್ಟರಲ್ಲೇ ಎರಡು ಸಂಗತಿಗಳನ್ನು ಗುರುತಿಸಬೇಕು. ಮೊದಲನೆಯದು, ಕಥೆ ತನ್ನ ತೇದಿಯನ್ನು ಹೇಳುವುದಿಲ್ಲ. ಹೈದರಾಲಿ ದುರ್ಗದ ಮೇಲೆ ಬಂದದ್ದು ಒಮ್ಮೆ ಮಾತ್ರವಲ್ಲ. ಕೋಟೆ ಅವನ ವಶವಾದದ್ದು 1779ರಲ್ಲಿ. ಓಬವ್ವನ ಘಟನೆ ಯಾವ ಮುತ್ತಿಗೆಯದು ಎಂಬುದು ಕಥೆಗೆ ಬೇಕಿಲ್ಲ. ಎರಡನೆಯದು, ಕಥೆ ಕೋಟೆಯ ಪತನದವರೆಗೆ ಹೋಗುವುದೇ ಇಲ್ಲ. ಕಹಳೆ ಮೊಳಗಿದಲ್ಲಿಗೆ ಅದು ನಿಲ್ಲುತ್ತದೆ. ನಂತರ ಕೋಟೆ ಬಿದ್ದದ್ದು, ಮದಕರಿನಾಯಕ ಸೆರೆಯಾಗಿ ಶ್ರೀರಂಗಪಟ್ಟಣ ಸೇರಿದ್ದು, ದುರ್ಗದ ಬೇಡ ಸಮುದಾಯದ ಸಾವಿರಾರು ಜನರನ್ನು ಅಲ್ಲಿಗೆ ಸಾಗಿಸಿ ಅವರ ಹುಡುಗರನ್ನು ‘ಚೇಲಾ’ ಎಂಬ ಸೈನಿಕ ಪಡೆಗಳಿಗೆ ಸೇರಿಸಿದ್ದು ಇತಿಹಾಸದ ಭಾಗ, ಈ ಕಥೆಯ ಭಾಗವಲ್ಲ. ಕಾದಂಬರಿಕಾರ ತ.ರಾ.ಸು. ಆ ಪತನವನ್ನು 1982ರ ‘ದುರ್ಗಾಸ್ತಮಾನ’ ಕಾದಂಬರಿಯಲ್ಲಿ ದೊಡ್ಡವರ ಓದಿಗಾಗಿ ಬರೆದರು. ಮಕ್ಕಳ ಕಥೆ ಗೆಲುವಿನ ಗಳಿಗೆಯಲ್ಲಿ ಮುಗಿಯುತ್ತದೆ. ಅದು ಇಷ್ಟು ಕಾಲ ಬಾಳಿದ್ದಕ್ಕೆ ಇದೂ ಒಂದು ಕಾರಣ.

ಕಿಂಡಿಯ ಎದುರು ನಿಂತಾಗ

ಬಾಯಿಮಾತಿನ ಕಥೆ ಜಾಗಕ್ಕೆ ಅಂಟಿಕೊಂಡ ಕಥೆ. ಮೇಲುದುರ್ಗದ ಬಂಡೆಗಳ ನಡುವೆ ಇಂದಿಗೂ ‘ಓಬವ್ವನ ಕಿಂಡಿ’ ಎಂದು ತೋರಿಸುವ ಸಂದಿಗೆ ಮೈ ಕುಗ್ಗಿಸದೆ ಇಳಿಯಲಾಗದು. ಒಬ್ಬರು ಹೊರಬರುವ ತನಕ ಹಿಂದಿನವರು ಕಾಯಲೇಬೇಕು. ಹತ್ತಿರದಲ್ಲೇ ತಣ್ಣೀರು ದೋಣಿ ಎಂಬ ನೀರಿನ ತಾಣ ಇದೆ. ನೀರಿಗೆ ಹೋದವಳಿಗೆ ಕಿಂಡಿಯ ಸದ್ದು ಕೇಳಿಸಿತು ಎಂಬ ಮಾತು ಈ ಎರಡು ತಾಣಗಳ ನಡುವಿನ ಅಂತರವನ್ನು ಕಂಡವರಿಗೆ ಸಹಜವಾಗಿ ಒಪ್ಪಿಗೆಯಾಗುತ್ತದೆ. ಗ್ರಾನೈಟ್ ಬಂಡೆಗಳ ಈ ಬೆಟ್ಟದಲ್ಲಿ ಗೋಡೆ ಕಟ್ಟಿದ್ದು ಮನುಷ್ಯ, ಸಂದು ಬಿಟ್ಟದ್ದು ಬೆಟ್ಟ. ಎಷ್ಟೇ ಗಟ್ಟಿಯಾದ ಕೋಟೆಗೂ ಒಂದು ಸಂದು ಉಳಿದೇ ಇರುತ್ತದೆ ಎಂಬ ತಿಳಿವು ಕಥೆಯ ತಳದಲ್ಲಿದೆ.

ಒನಕೆಯನ್ನೂ ಹತ್ತಿರದಿಂದ ನೋಡಬೇಕು. ತುದಿಗೆ ಕಬ್ಬಿಣದ ಅಣಸು ತೊಡಿಸಿದ ಉದ್ದನೆಯ ಮರದ ದಿಮ್ಮಿ ಅದು. ನಿಂತು, ಎರಡು ಕೈಯಲ್ಲಿ ನೇರವಾಗಿ ಮೇಲೆತ್ತಿ, ಅದರ ತೂಕದಿಂದಲೇ ಕೆಳಗೆ ಬಿಡುವುದು ಕುಟ್ಟುವ ಕ್ರಮ. ಕಿಂಡಿಯಿಂದ ತೆವಳಿ ಬರುವವನ ತಲೆ ನೆಲದ ಮಟ್ಟದಲ್ಲಿರುತ್ತದೆ, ಹೊಡೆಯುವವಳು ಮೇಲೆ ನಿಂತಿರುತ್ತಾಳೆ. ಭತ್ತ, ರಾಗಿ ಕುಟ್ಟಿ ಪಳಗಿದ ತೋಳಿಗೆ ಇಲ್ಲಿ ಹೊಸ ವಿದ್ಯೆ ಬೇಕಾಗಿಲ್ಲ. ಕತ್ತಿ ಬೀಸಲು ಜಾಗವಿಲ್ಲದ ಕಡೆಯಲ್ಲಿ ಒನಕೆಯೇ ಸರಿಯಾದ ಆಯುಧ. ಕಥೆ ಕಟ್ಟಿದ ಜನಕ್ಕೆ ಆ ಜಾಗವೂ ಗೊತ್ತಿತ್ತು, ಆ ಕೆಲಸವೂ ಗೊತ್ತಿತ್ತು.

ಚಿತ್ರದಲ್ಲಿ ಹಾಡಿನ ಸ್ಥಾನ

ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿ ಎನ್. ವೀರಾಸ್ವಾಮಿ ನಿರ್ಮಿಸಿದ ‘ನಾಗರಹಾವು’ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದಾಗಿಸಿದ ಚಿತ್ರ: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪ ಮತ್ಸರ’. ನಾಯಕ ರಾಮಾಚಾರಿಯಾಗಿ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವಥ್, ಅಲಮೇಲುವಾಗಿ ಆರತಿ, ಮಾರ್ಗರೆಟ್ ಆಗಿ ಶುಭಾ, ಜಲೀಲನಾಗಿ ಅಂಬರೀಷ್ ನಟಿಸಿದರು. ವಿಜಯಭಾಸ್ಕರ್ ಸಂಗೀತ ಕೊಟ್ಟರು. ಚಿತ್ರ ತ.ರಾ.ಸು. ಅವರಿಗೆ ತೃಪ್ತಿ ತರಲಿಲ್ಲ ಎಂಬುದು ಕನ್ನಡ ಓದುಗರಿಗೆಲ್ಲ ತಿಳಿದದ್ದೇ. ಮೂರು ಪುಸ್ತಕಗಳ ಹರವು ಒಂದು ಚಿತ್ರಕ್ಕೆ ಇಳಿಯುವಾಗ ಲೇಖಕನಿಗೆ ಕಳೆದುಕೊಂಡಂತೆ ಅನ್ನಿಸುವುದು ಸಹಜ. ಆದರೆ ಕಾದಂಬರಿಯಲ್ಲಿ ಪುಟಗಟ್ಟಲೆ ಹರಡಿದ ರಾಮಾಚಾರಿಯ ಒಳಕುದಿತಕ್ಕೆ ಚಿತ್ರ ಒಂದು ಕಾಣುವ ರೂಪ ಹುಡುಕಬೇಕಿತ್ತು. ಪುಟ್ಟಣ್ಣನವರು ಆ ಹೊಣೆಯನ್ನು ಚಿತ್ರದುರ್ಗದ ಬೆಟ್ಟಕ್ಕೆ ಒಪ್ಪಿಸಿದರು. ರಾಮಾಚಾರಿ ಓಡುವುದು, ಅಡಗುವುದು, ಪ್ರೀತಿಸುವುದು, ಕೊನೆಗೆ ಸಾಯುವುದು ಎಲ್ಲವೂ ಆ ಬಂಡೆಗಳ ಮೇಲೆ.

ಓಬವ್ವನ ಹಾಡು ಈ ಏರ್ಪಾಟಿನ ನಡುವೆ ಬರುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ದನಿಯಲ್ಲಿ ರಾಮಾಚಾರಿ ಕಥೆ ಹೇಳುತ್ತಾನೆ, ಅತಿಥಿ ಪಾತ್ರದಲ್ಲಿ ಜಯಂತಿ ಓಬವ್ವನಾಗಿ ಕಾಣಿಸಿಕೊಳ್ಳುತ್ತಾರೆ. ಕಥಾವಸ್ತುವಿನ ದೃಷ್ಟಿಯಿಂದ ಈ ಹಾಡಿಲ್ಲದೆಯೂ ಚಿತ್ರ ನಡೆಯುತ್ತದೆ. ಅರ್ಥದ ದೃಷ್ಟಿಯಿಂದ ನಡೆಯದು. ರಾಮಾಚಾರಿಯ ಕೋಪಕ್ಕೆ ಗುರಿಯಿಲ್ಲ. ಅದು ಪ್ರಿನ್ಸಿಪಾಲರ ಮೇಲೆ, ಊರಿನ ಮೇಲೆ, ಕೊನೆಗೆ ತನ್ನ ಮೇಲೇ ತಿರುಗುತ್ತದೆ. ಅಂಥವನು ಗುರಿಯಿದ್ದ ಒಂದು ಕೋಪದ ಕಥೆಯನ್ನು ಹೇಳುತ್ತಿದ್ದಾನೆ. ಇನ್ನೊಂದು ಹೊಂದಿಕೆಯೂ ಇದೆ: ಓಬವ್ವನ ಕಥೆಯಲ್ಲಿ ಬಿಲದಿಂದ ಹೊರಬರುವ ತಲೆಗೆ ಏಟು ಬೀಳುತ್ತದೆ, ಈ ಚಿತ್ರದ ನಾಯಕನನ್ನು ಊರು ಕಾಣುವುದೇ ಹಾವಾಗಿ. ತಾನು ಏಟು ತಿನ್ನುವ ಕಡೆಯವನೆಂದು ಅರಿಯದೆ ಅವನು ಹೊಡೆದವಳನ್ನು ಕೊಂಡಾಡುತ್ತಾನೆ. ಪುಟ್ಟಣ್ಣನವರು ಇದನ್ನು ಉದ್ದೇಶಪಟ್ಟು ಮಾಡಿದರೆಂದು ನಾನು ವಾದಿಸುವುದಿಲ್ಲ. ಚಿತ್ರದ ಒಳಹೆಣಿಗೆಯಲ್ಲಿ ಅದು ಇದೆ ಎಂದಷ್ಟೇ ಹೇಳುತ್ತೇನೆ.

ಬದಲಾದ ಮೂರು ಅಂಶಗಳು

ಮೊದಲನೆಯದು, ಕಿಂಡಿಯನ್ನು ಕಂಡುಹಿಡಿದ ಬಗೆ. ಬಾಯಿಮಾತಿನಲ್ಲಿ ಶತ್ರುವಿಗೆ ಕಿಂಡಿ ಗೊತ್ತಾಗುವುದು ಓಡಾಡುವ ಹೆಂಗಸೊಬ್ಬಳಿಂದ. ಹಾಡಿನಲ್ಲಿ ಗೂಢಚಾರರು ಅಲೆದು ಸುದ್ದಿ ತರುತ್ತಾರೆ. ಕೇಳಲು ಇದು ಸಣ್ಣ ವ್ಯತ್ಯಾಸ. ಆದರೆ ಹಳೆಯ ರೂಪದಲ್ಲಿ ಒಬ್ಬ ಹೆಂಗಸಿನ ದಿನನಿತ್ಯದ ಓಡಾಟದಿಂದ ಹುಟ್ಟಿದ ಅಪಾಯವನ್ನು ಇನ್ನೊಬ್ಬ ಹೆಂಗಸಿನ ದಿನನಿತ್ಯದ ಸಾಧನ ತಡೆಯುತ್ತದೆ. ಕೋಟೆಯ ಒಳಹೊರಗನ್ನು ನಿಜವಾಗಿ ಬಲ್ಲವರು ನೀರು, ಮೊಸರು, ಸೌದೆ ಹೊರುವ ಹೆಂಗಸರು ಎಂಬ ಅರಿವು ಅಲ್ಲಿದೆ. ಗೂಢಚಾರರು ಬಂದೊಡನೆ ಕಥೆ ಗಂಡಸರ ಯುದ್ಧದ ಪರಿಚಿತ ದಾರಿಗೆ ಬೀಳುತ್ತದೆ, ಓಬವ್ವ ಅಲ್ಲಿ ಒಂಟಿಯಾಗುತ್ತಾಳೆ.

ಎರಡನೆಯದು, ಸದ್ದು. ಬಾಯಿಮಾತಿನ ಕಥೆ ನಿಂತಿರುವುದೇ ಮೌನದ ಮೇಲೆ. ಮೊದಲನೆಯವನು ಕೂಗಿದರೆ ಎರಡನೆಯವನು ಬರುವುದಿಲ್ಲ. ಅವಳು ಗಂಡನನ್ನು ಕರೆಯುವುದಿಲ್ಲ, ದೇವರನ್ನು ಕೂಗುವುದಿಲ್ಲ, ಹೆಣವನ್ನು ಅಲ್ಲೇ ಬಿಡುವುದೂ ಇಲ್ಲ. ಕಹಳೆ ಕೊನೆಯಲ್ಲಿ ಮೊಳಗಿದಾಗ ಅಷ್ಟು ಹೊತ್ತು ಹಿಡಿದಿಟ್ಟ ಉಸಿರು ಬಿಟ್ಟಂತಾಗುತ್ತದೆ. ಹೇಳುವ ಅಜ್ಜಿಯರು ಈ ಭಾಗದಲ್ಲಿ ದನಿ ತಗ್ಗಿಸುವುದು ಅದಕ್ಕೇ. ಚಿತ್ರದಲ್ಲಿ ಇದೇ ಗಳಿಗೆಗೆ ವಾದ್ಯಮೇಳ ಏರುತ್ತದೆ, ಜಯಂತಿಯವರ ಮುಖ ರೌದ್ರವಾಗುತ್ತದೆ. ಕಥೆಯ ಅತಿ ನಿಶ್ಶಬ್ದ ಕ್ಷಣ ಹಾಡಿನ ಅತಿ ಗಟ್ಟಿ ಕ್ಷಣವಾಗಿದೆ. ಲಾವಣಿಯ ಧಾಟಿಯ ವೀರಗೀತೆಗೆ ಬೇರೆ ದಾರಿಯಿರಲಿಲ್ಲ. ಸಾವಿರ ಜನ ಕೂತ ಚಿತ್ರಮಂದಿರ ಬೇಡುವುದು ಆವೇಶವನ್ನು. ಆದರೆ ಈ ಬದಲಾವಣೆಯಿಂದ ಓಬವ್ವನ ಗುಣವೇ ಬೇರೆಯಾಯಿತು. ಬಾಯಿಮಾತಿನಲ್ಲಿ ಅವಳು ತಾಳ್ಮೆಯ ಹೆಣ್ಣು, ತೆರೆಯ ಮೇಲೆ ರೋಷದ ಹೆಣ್ಣು.

ಮೂರನೆಯದು, ಅವಳ ನಾಡು. ಬಾಯಿಮಾತಿನ ಓಬವ್ವ ದುರ್ಗದವಳು, ಛಲವಾದಿ ಸಮುದಾಯದ ಕಾವಲುಗಾರನ ಮನೆಯವಳು. ಅವಳು ಕಾಯ್ದದ್ದು ತನ್ನ ಗಂಡನ ಪಾಳಿಯ ಕಿಂಡಿಯನ್ನು. ಹಾಡು ಮೊದಲ ಸಾಲಿನಲ್ಲೇ ಅವಳನ್ನು ಇಡೀ ಕನ್ನಡ ನಾಡಿನ ವೀರನಾರಿಯಾಗಿ ನಿಲ್ಲಿಸುತ್ತದೆ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಚಿತ್ರ ಬಂದ ಹತ್ತು ತಿಂಗಳ ನಂತರ. ನಾಡು ತನ್ನ ಹೆಸರಿಗಾಗಿ ಎದುರು ನೋಡುತ್ತಿದ್ದ ಆ ಕಾಲದಲ್ಲಿ ಬೀದರಿನವರಿಗೂ ಮಂಗಳೂರಿನವರಿಗೂ ಸಮಾನವಾಗಿ ಸಲ್ಲುವ ಒಬ್ಬ ವೀರನಾರಿ ಬೇಕಿತ್ತು. ಹಾಡು ಆ ಕೆಲಸವನ್ನು ಬಹಳ ಚೆನ್ನಾಗಿ ಮಾಡಿತು. ಕಾವಲುಗಾರನ ಬಡಮನೆಯ ವಿವರ ಹಿನ್ನೆಲೆಗೆ ಸರಿದದ್ದು ಅದಕ್ಕೆ ತೆತ್ತ ಬೆಲೆ.

ತೆರೆ ಕೊಟ್ಟ ವಿವರದ ಬಲ

ಹೀಗೆ ಸಿನಿಮಾದ ವಿವರ ಮೂಲವನ್ನು ಮುಚ್ಚುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದ ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಓಝ್ ಮಾಂತ್ರಿಕನ ಮಕ್ಕಳ ಕಾದಂಬರಿಯಲ್ಲಿ ನಾಯಕಿ ಡೊರೊಥಿಯ ಪಾದರಕ್ಷೆ ಬೆಳ್ಳಿಯದು. 1939ರ ಚಿತ್ರದಲ್ಲಿ ಟೆಕ್ನಿಕಲರ್ ಬಣ್ಣ ಎದ್ದು ಕಾಣಲೆಂದು ಅದನ್ನು ಮಾಣಿಕ್ಯದ ಕೆಂಪಿಗೆ ತಿರುಗಿಸಿದರು. ಇಂದು ಜಗತ್ತಿನ ನೆನಪಿನಲ್ಲಿರುವುದು ಕೆಂಪು ಪಾದರಕ್ಷೆಯೇ. ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಬಾಮ್‌ನ ಪುಸ್ತಕದಲ್ಲಿ ಓಝ್ ನಿಜವಾಗಿ ಇರುವ ನಾಡು, ಚಿತ್ರದಲ್ಲಿ ಅದು ಹುಡುಗಿಯ ಕನಸಾಯಿತು. ಆದರೆ ಅಲ್ಲಿ ಪುಸ್ತಕ ಅಚ್ಚಿನಲ್ಲಿದೆ, ಬೇಕೆಂದವರು ತೆರೆದು ಹೋಲಿಸಬಹುದು. ಓಬವ್ವನ ಬಾಯಿಮಾತಿನ ರೂಪಗಳಿಗೆ ಆ ಆಸರೆಯಿಲ್ಲ. ಹೇಳುವವರೇ ಹಾಡು ಕೇಳಿ ಬೆಳೆದವರಾದಾಗ ಹಳೆಯ ರೂಪ ಸದ್ದಿಲ್ಲದೆ ಕರಗುತ್ತದೆ.

ಶಾಲೆಯ ವಾರ್ಷಿಕೋತ್ಸವದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ರಟ್ಟಿನ ಒನಕೆ ಹಿಡಿದ ಪುಟ್ಟ ಓಬವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಕೆರಳಿಸಿ, ಅದೇ ಹಾಡಿಗೆ ಹೆಜ್ಜೆ ಹಾಕುತ್ತಾಳೆ. ಆ ಭಂಗಿ ಜಯಂತಿಯವರದು. ಆ ಮಕ್ಕಳ ಉತ್ಸಾಹ ನನಗೆ ಪ್ರಿಯವಾದದ್ದು. ಹಾಡು ಇಲ್ಲದಿದ್ದರೆ ಓಬವ್ವ ದುರ್ಗದ ಗಡಿ ದಾಟುತ್ತಿದ್ದಳೇ ಎಂಬುದೇ ಅನುಮಾನ. ರಾಜ್ಯ ಸರ್ಕಾರ 2021ರಿಂದ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿರುವುದರ ಹಿಂದೆ ಆ ಹಾಡು ತಲೆಮಾರುಗಳಿಗೆ ಹಚ್ಚಿದ ಅಭಿಮಾನವೂ ಇದೆ.

ನಿಲುವು ಮತ್ತು ಮುಂದಿನ ಕೆಲಸ

ನನ್ನ ನಿಲುವು ಇದು: ಹಾಡು ಕಥೆಗೆ ಮುಖವನ್ನೂ ದನಿಯನ್ನೂ ನಾಡಿನಗಲದ ಬಾಳನ್ನೂ ಕೊಟ್ಟಿತು, ಅದಕ್ಕೆ ಪ್ರತಿಯಾಗಿ ಕಥೆಯ ಮೌನವನ್ನೂ ಹೆಂಗಸರ ಓಡಾಟದ ಲೋಕವನ್ನೂ ಪಡೆದುಕೊಂಡಿತು. ಎರಡರಲ್ಲಿ ಯಾವುದು ನಿಜವೆಂದು ಕೇಳುವುದಕ್ಕಿಂತ ಎರಡನ್ನೂ ಬೇರೆಬೇರೆಯಾಗಿ ಉಳಿಸಿಕೊಳ್ಳುವುದು ಮುಖ್ಯ. ಚಿತ್ರವಂತೂ ಉಳಿಯುತ್ತದೆ, 2018ರಲ್ಲಿ ಅದು ಹೊಸ ತಂತ್ರಜ್ಞಾನದೊಡನೆ ಮರುಬಿಡುಗಡೆಯೂ ಆಯಿತು. ತುರ್ತಾಗಿ ಗಮನ ಬೇಕಾದದ್ದು ಬಾಯಿಮಾತಿಗೆ.

ಅದಕ್ಕಾಗಿ ಮೂರು ಕೆಲಸಗಳನ್ನು ಸೂಚಿಸುತ್ತೇನೆ. ಒಂದು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಲ್ಲಿ, 1972ಕ್ಕೆ ಮುಂಚೆಯೇ ಕಥೆ ಕೇಳಿ ಬೆಳೆದ ಹಿರಿಯರಿಂದ, ಅದರಲ್ಲೂ ಹೆಂಗಸರಿಂದ, ಅವರ ಮಾತಿನಲ್ಲೇ ಕಥೆಯನ್ನು ದಾಖಲಿಸಬೇಕು. ಅಂದು ಹತ್ತು ವರ್ಷದವರಾಗಿದ್ದವರು ಈಗ ಅರವತ್ತು ದಾಟಿದ್ದಾರೆ. ಎರಡು, ಕಿಂಡಿ ಯಾರಿಂದ ಬಯಲಾಯಿತು, ಓಬವ್ವ ಗಂಡನನ್ನು ಏಕೆ ಕರೆಯಲಿಲ್ಲ, ಹೇಗೆ ಸತ್ತಳು ಎಂಬ ಮೂರು ಪ್ರಶ್ನೆಗಳನ್ನು ಎಲ್ಲರಿಗೂ ಒಂದೇ ರೀತಿ ಕೇಳಬೇಕು. ಹಾಡಿನ ಪ್ರಭಾವ ಎಲ್ಲಿ ಬಿದ್ದಿದೆ, ಎಲ್ಲಿ ಬಿದ್ದಿಲ್ಲ ಎಂಬುದು ಈ ಉತ್ತರಗಳಲ್ಲೇ ತಿಳಿಯುತ್ತದೆ. ಮೂರು, ಹೀಗೆ ಸಿಕ್ಕ ರೂಪಗಳನ್ನು ಮಕ್ಕಳಿಗೇ ಮರಳಿಸಬೇಕು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಂಥ ರಂಗಕೇಂದ್ರ ಇರುವ ಜಿಲ್ಲೆಗೆ ಇದು ಕಷ್ಟವಲ್ಲ. ಹಾಡಿಲ್ಲದೆ, ಕಹಳೆಯ ತನಕ ಮಾತೇ ಇಲ್ಲದೆ ಓಬವ್ವನನ್ನು ರಂಗಕ್ಕೆ ತಂದರೆ, ಅವಳ ಧೈರ್ಯ ರೋಷದಲ್ಲಿ ಎಷ್ಟಿತ್ತೋ ತಾಳ್ಮೆಯಲ್ಲೂ ಅಷ್ಟೇ ಇತ್ತೆಂಬುದು ಮಕ್ಕಳಿಗೆ ವಿವರಣೆಯಿಲ್ಲದೆಯೇ ಗೊತ್ತಾಗುತ್ತದೆ.