ಸ್ವಪ್ನಸಾಕ್ಷಿಗಳು

ಕೊಲೆ ನಡೆದ ಸ್ಥಳದಲ್ಲಿ ಇಲ್ಲದೆಯೇ, ಮೃತರ ಉಡುಪನ್ನೋ ಉಂಗುರವನ್ನೋ ಮುಟ್ಟಿದ ಮಾತ್ರಕ್ಕೆ ಹಂತಕನ ಮುಖವನ್ನು ಮನಶ್ಚಕ್ಷುವಿನಲ್ಲಿ ಕಾಣುವ ದ್ರಷ್ಟಾರನು ಇಂದಿನ ಭಯಾನಕ ಕಾದಂಬರಿಗಳ ಓದುಗರಿಗೆ ಹಳೆಯ ಪರಿಚಯದವನು. ಅಮೆರಿಕದ ಡೀನ್ ಕೂಂಟ್ಜ್ 1977ರಲ್ಲಿ ಬರೆದ ‘ದಿ ವಿಷನ್’, ಸ್ಟೀಫನ್ ಕಿಂಗ್ 1979ರಲ್ಲಿ ಬರೆದ ‘ದಿ ಡೆಡ್ ಜೋನ್’ ಎಂಬ ಕಾದಂಬರಿಗಳು ಇಂಥವರನ್ನೇ ಕೇಂದ್ರದಲ್ಲಿರಿಸಿಕೊಂಡು ಅಪಾರ ಪ್ರಚಾರ ಪಡೆದವು. ಆದರೆ ಈ ಪಾತ್ರವನ್ನು ಹುಟ್ಟಿಸಿದವರು ಕಾದಂಬರಿಕಾರರಲ್ಲ. ಕಾದಂಬರಿಯೆಂಬ ಪ್ರಕಾರವು ತಲೆಯೆತ್ತುವುದಕ್ಕೆ ಬಹುಕಾಲ ಮೊದಲೇ ಪಶ್ಚಿಮ ದೇಶಗಳ ಹಳ್ಳಿಗಳಲ್ಲಿಯೂ ಸೆರೆಮನೆಗಳ ಬಾಗಿಲಲ್ಲಿಯೂ ಈ ದ್ರಷ್ಟಾರರು ನಿಂತು, ತಾವು ಕಂಡದ್ದನ್ನು ನುಡಿದು, ಕೆಲವೊಮ್ಮೆ ಒಬ್ಬನನ್ನು ಶೂಲಕ್ಕೆ ಕಳಿಸಿಯೂ ಇದ್ದರು.

ಇಂಥ ಕಥೆಗಳಲ್ಲಿ ಅತಿ ಪ್ರಸಿದ್ಧವಾದುದು ರೋಮಿನ ವಾಗ್ಮಿ ಸಿಸೆರೊ ಕ್ರಿ.ಪೂ. 44ರಲ್ಲಿ ಪೂರೈಸಿದ ಶಕುನವಿಚಾರದ ಗ್ರಂಥದಲ್ಲಿ ದೊರೆಯುತ್ತದೆ. ಅರ್ಕೇಡಿಯದ ಇಬ್ಬರು ಗೆಳೆಯರು ಮೆಗಾರ ಪಟ್ಟಣಕ್ಕೆ ಬಂದು, ಒಬ್ಬನು ಪರಿಚಿತರ ಮನೆಯಲ್ಲಿಯೂ ಇನ್ನೊಬ್ಬನು ಛತ್ರದಲ್ಲಿಯೂ ಇಳಿದುಕೊಳ್ಳುತ್ತಾರೆ. ಛತ್ರದವನು ತನ್ನನ್ನು ಕೊಲ್ಲಲಿದ್ದಾನೆಂದು ಗೆಳೆಯನು ಕನಸಿನಲ್ಲಿ ಮೊರೆಯಿಡುತ್ತಾನೆ. ಮೊದಲನೆಯವನು ಬೆಚ್ಚಿ ಎದ್ದು, ಕನಸಷ್ಟೆ ಎಂದು ಮತ್ತೆ ಮಲಗುತ್ತಾನೆ. ಎರಡನೆಯ ಸಲ ಬಂದ ಗೆಳೆಯನು, ತಾನು ಹತನಾದೆನೆಂದೂ ತನ್ನ ಹೆಣವನ್ನು ಗೊಬ್ಬರದ ಬಂಡಿಯಲ್ಲಿ ಮುಚ್ಚಿಟ್ಟಿರುವರೆಂದೂ ಬೆಳಗ್ಗೆ ಊರ ಬಾಗಿಲಲ್ಲಿ ಆ ಬಂಡಿಯನ್ನು ತಡೆಯಬೇಕೆಂದೂ ಹೇಳುತ್ತಾನೆ. ಹಾಗೆಯೇ ಆಗುತ್ತದೆ. ಈ ಕಥೆಯನ್ನು ಗ್ರಂಥದ ಮೊದಲ ಭಾಗದಲ್ಲಿ ತಮ್ಮನಾದ ಕ್ವಿಂಟಸನ ಬಾಯಿಂದ ಹೇಳಿಸಿದ ಸಿಸೆರೊ, ಎರಡನೆಯ ಭಾಗದಲ್ಲಿ ತಾನೇ ಎದ್ದು ಸ್ವಪ್ನಗಳ ಪ್ರಾಮಾಣ್ಯವನ್ನು ಖಂಡಿಸಿದನು. ಆದರೂ ಲೋಕವು ಖಂಡನೆಯನ್ನು ಮರೆತು ಕಥೆಯನ್ನು ಉಳಿಸಿಕೊಂಡಿತು.

1692ರ ಜುಲೈಯಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಒಬ್ಬ ಮದ್ಯವ್ಯಾಪಾರಿಯೂ ಅವನ ಪತ್ನಿಯೂ ತಮ್ಮ ನೆಲಮಾಳಿಗೆಯಲ್ಲಿ ಕೊಲೆಯಾದಾಗ, ಅಧಿಕಾರಿಗಳು ಜಾಕ್ ಎಮಾರ್ ಎಂಬ ರೈತನನ್ನು ಕರೆಸಿದರು. ನಮ್ಮಲ್ಲಿ ಬಾವಿ ತೋಡಿಸುವ ಮುನ್ನ ಕವಲುಕಡ್ಡಿ ಹಿಡಿದು ನೀರಿನ ಸೆಲೆ ತೋರುವವರು ಉಂಟಷ್ಟೆ. ಎಮಾರನೂ ಅಂಥ ಕವಲುಗೋಲನ್ನು ಹಿಡಿದೇ ಹೆಸರು ಪಡೆದವನು. ಆ ಗೋಲು ತನ್ನನ್ನು ಎಳೆದತ್ತ ರೋನ್ ನದಿಯ ಗುಂಟ ಬೊಕೇರ್ ಊರಿನ ಸೆರೆಮನೆಯವರೆಗೂ ನಡೆದು, ಅಲ್ಲಿ ಕಳವಿನ ಆರೋಪದಲ್ಲಿದ್ದ ಒಬ್ಬ ಗೂನನನ್ನು ಆತನು ತೋರಿಸಿದನು. ಗೂನನು ಮೊದಲು ನಿರಾಕರಿಸಿ, ಬಳಿಕ ಕೃತ್ಯದಲ್ಲಿ ತನ್ನ ಪಾಲುಂಟೆಂದು ಒಪ್ಪಿಕೊಂಡು, ಚಕ್ರದ ಮೇಲೆ ಎಲುಬು ಮುರಿಸಿಕೊಂಡು ಸತ್ತನು. ಕೀರ್ತಿವಂತನಾದ ಎಮಾರನನ್ನು ಪ್ಯಾರಿಸಿಗೆ ಕರೆಸಿಕೊಂಡು ಕೊಂದೆಯ ರಾಜಕುಮಾರನು ಪರೀಕ್ಷಿಸಿದಾಗ, ಅದೇ ಗೋಲು ಹೂತಿಟ್ಟ ಲೋಹವನ್ನು ಸಹ ತೋರಲಾರದೆ ಹೋಯಿತು.

ಈ ಸಂಪ್ರದಾಯದ ಒಳಮರ್ಮವು ಸ್ಪಷ್ಟವಾಗಿ ಕಾಣುವುದು ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಪೋಲ್‌ಸ್ಟೆಡ್ ಗ್ರಾಮದಲ್ಲಿ. ಹೊಲದಲ್ಲಿ ಬಿಲ ತೋಡುವ ಮೋಲ್ ಎಂಬ ಪ್ರಾಣಿಗಳನ್ನು ಹಿಡಿದು ಜೀವಿಸುತ್ತಿದ್ದ ಥಾಮಸ್ ಮಾರ್ಟೆನನ ಮಗಳು ಮರಿಯಾ, ಸ್ಥಿತಿವಂತ ಬೇಸಾಯಗಾರನ ಮಗನಾದ ವಿಲಿಯಮ್ ಕಾರ್ಡರ್ ತನ್ನನ್ನು ಮದುವೆಯಾಗುವನೆಂದು ನಂಬಿ, 1827ರ ಮೇ ತಿಂಗಳಲ್ಲಿ ಗಂಡಸಿನ ವೇಷ ತೊಟ್ಟು, ಊರವರು ರೆಡ್ ಬಾರ್ನ್ ಎನ್ನುತ್ತಿದ್ದ ಕಣಜದ ಕಡೆಗೆ ಹೊರಟವಳು ಮತ್ತೆ ಯಾರಿಗೂ ಕಾಣಲಿಲ್ಲ. ಮರಿಯಾ ಕ್ಷೇಮವೆಂದು ಕಾರ್ಡರನು ತಿಂಗಳುಗಟ್ಟಲೆ ಸಮಾಧಾನ ಹೇಳಿದನು, ಪತ್ರ ಬರೆದನು. ಮಗಳ ಕೈಬರಹ ಮಾತ್ರ ಒಮ್ಮೆಯೂ ಬರಲಿಲ್ಲ. ಆಗ ಮಲತಾಯಿ ಆನ್, ಮರಿಯಾಳನ್ನು ಕೊಂದು ಕಣಜದ ನೆಲದಲ್ಲಿ ಹೂತಿರುವುದನ್ನು ಕನಸಿನಲ್ಲಿ ಕಂಡೆನೆಂದು ಗಂಡನನ್ನು ಒತ್ತಾಯಿಸಿದಳೆಂದು ಪ್ರಸಿದ್ಧಿ. 1828ರ ಏಪ್ರಿಲ್ 19ರಂದು ತಂದೆಯು ತನ್ನ ಕಸುಬಿನ ಈಟಿಯಿಂದಲೇ ಆ ನೆಲವನ್ನು ಚುಚ್ಚಿ ನೋಡಿದನು; ಚೀಲದಲ್ಲಿ ಮಗಳ ಶವವಿತ್ತು, ಕೊರಳಲ್ಲಿ ಕಾರ್ಡರನ ಹಸಿರು ವಸ್ತ್ರವಿತ್ತು. ಅಷ್ಟರಲ್ಲಿ ಬೇರೊಬ್ಬಳನ್ನು ಮದುವೆಯಾಗಿ ಲಂಡನ್ನಿನ ಸಮೀಪದಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದ ಕಾರ್ಡರನು ಸೆರೆಸಿಕ್ಕಿ, ಆಗಸ್ಟ್ 11ರಂದು ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣದಲ್ಲಿ ಸಹಸ್ರಾರು ಜನರ ಮುಂದೆ ನೇಣಿಗೇರಿದನು. ವಿಚಾರಣೆಗೆ ಮೊದಲೇ ಜಾತ್ರೆಗಳಲ್ಲಿ ಆ ಕಥೆಯ ನಾಟಕ ನಡೆದಿತ್ತು. ಬೀದಿಯಲ್ಲಿ ಲಾವಣಿಯ ಹಾಳೆಗಳು ಬಿಕರಿಯಾದುವು. ನೋಡಬಂದವರು ಕಣಜದ ಹಲಗೆಗಳನ್ನು ನೆನಪಿಗೆಂದು ಕಿತ್ತೊಯ್ದರು. ಅಪರಾಧಿಯ ಚರ್ಮದಿಂದ ಕಟ್ಟಿದ ಪುಸ್ತಕವೊಂದು ಆ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ.

ವಿಚಾರಮಾಡಿ ನೋಡಿದರೆ ಆ ಕನಸಿನಲ್ಲಿ ಅಲೌಕಿಕವಾದುದು ಬಹಳವೇನೂ ಇಲ್ಲ. ಮಗಳು ಯಾವ ಕಣಜಕ್ಕೆ ಹೋದಳು, ಯಾರನ್ನು ಕಾಣಲು ಹೋದಳು ಎಂಬುದು ಮಲತಾಯಿಗೆ ಎಚ್ಚರದಲ್ಲಿಯೇ ಗೊತ್ತಿತ್ತು. ಗೊತ್ತಿದ್ದರೇನು? ಬಡಕಸುಬಿನವನ ಹೆಂಡತಿಯು ಸ್ಥಿತಿವಂತನ ಮಗನನ್ನು ಕೊಲೆಗಡುಕನೆಂದು ಹೇಳಿದರೆ ಕೇಳುವವರಾರು? ಸಂಶಯವನ್ನು ಬಾಯಿಬಿಟ್ಟು ಹೇಳಿದರೆ ಅದು ನಿಂದೆ. ಕನಸನ್ನು ಹೇಳಿದರೆ, ಅದರ ಹೊಣೆ ಹೇಳಿದವಳ ಮೇಲೆ ಬೀಳುವುದಿಲ್ಲ.

ಇದೇ ನೀತಿಯನ್ನು ಅಮೆರಿಕದ ಪಶ್ಚಿಮ ವರ್ಜೀನಿಯದ ಗ್ರೀನ್‌ಬ್ರಯರ್ ಪ್ರಾಂತ್ಯವೂ ಸಾರುತ್ತದೆ. 1897ರ ಜನವರಿಯಲ್ಲಿ ಜೋನಾ ಎಂಬ ತರುಣಿ, ಟ್ರೌಟ್ ಷೂ ಎಂಬ ಕಮ್ಮಾರನನ್ನು ವರಿಸಿ ಕೆಲವೇ ತಿಂಗಳಲ್ಲಿ ಮನೆಯಲ್ಲಿ ಸತ್ತು ಬಿದ್ದಿದ್ದಳು. ವೈದ್ಯನು ಬರುವುದರೊಳಗೆ ಗಂಡನು ಹೆಣಕ್ಕೆ ಕುತ್ತಿಗೆ ಮುಚ್ಚುವ ಉಡುಪು ತೊಡಿಸಿ, ತಲೆಯನ್ನು ಬಿಡದೆ ಹಿಡಿದು ಕುಳಿತಿದ್ದನು, ಪರೀಕ್ಷೆಯು ನಾಮಮಾತ್ರವಾಯಿತು. ತಾಯಿ ಮೇರಿ ಜೇನ್ ಹೀಸ್ಟರ್, ಮಗಳು ನಾಲ್ಕು ರಾತ್ರಿ ತನ್ನೆದುರು ಬಂದು, ಗಂಡನು ತನ್ನ ಕತ್ತು ಮುರಿದನೆಂದು ಹೇಳಿದಳೆಂದು ಸರ್ಕಾರಿ ವಕೀಲನ ಬಳಿಗೆ ಹೋದಳು. ಗೋರಿಯಿಂದ ತೆಗೆದು ಪರೀಕ್ಷಿಸಿದಾಗ ಕತ್ತು ಮುರಿದಿದ್ದುದು ನಿಜವಾಯಿತು. ಸರ್ಕಾರಿ ವಕೀಲನು ನ್ಯಾಯಾಲಯದಲ್ಲಿ ಪ್ರೇತದ ಮಾತನ್ನೇ ಎತ್ತಲಿಲ್ಲ. ಎತ್ತಿದವನು ಪ್ರತಿವಾದಿಯ ವಕೀಲ, ಅದೂ ತಾಯಿಯನ್ನು ಭ್ರಮಿಷ್ಠೆಯೆಂದು ತೋರಿಸುವುದಕ್ಕಾಗಿ. ಕೆಣಕಿದಷ್ಟೂ ಆಕೆ ಅಚಲಳಾಗಿ ಉತ್ತರ ಕೊಟ್ಟಳು. ಷೂ ಯಾವಜ್ಜೀವ ಶಿಕ್ಷೆಗೊಳಗಾಗಿ 1900ರಲ್ಲಿ ಸೆರೆಯಲ್ಲಿಯೇ ಸತ್ತನು.

ಕನಸು ಗುದ್ದಲಿಯನ್ನು ಎತ್ತಿಸಬಲ್ಲದು. ತೀರ್ಪನ್ನು ಬರೆಯುವುದು ಮಾತ್ರ ಗುದ್ದಲಿಗೆ ಸಿಕ್ಕಿದ ವಸ್ತು. ಆಂಗ್ಲ ನ್ಯಾಯಪದ್ಧತಿಯ ಈ ನಿಷ್ಠುರತೆಯೇ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರಚಿಸಿದ 1872ರ ಸಾಕ್ಷ್ಯ ಕಾಯಿದೆಯ ಮೂಲಕ ನಮ್ಮ ದೇಶಕ್ಕೂ ಬಂದು ಒಂದೂವರೆ ಶತಮಾನ ಆಳಿತು: ಕಂಡದ್ದರ ವಿಷಯವನ್ನು ಸ್ವತಃ ಕಂಡವನೇ ಹೇಳಬೇಕು. ಕಳವಾದಾಗ ಅಂಜನ ಹಾಕಿಸಿ ನೋಡಿಸುವ ರೂಢಿಯು ಕನ್ನಡನಾಡಿನ ಹಳ್ಳಿಗಳಲ್ಲಿ ಎಷ್ಟು ಹಳೆಯದಾದರೂ, ಅಂಜನದಲ್ಲಿ ಕಂಡ ಮುಖವು ಕಟಕಟೆಯೇರಲಾರದು.

ವಿಜ್ಞಾನದ ಪ್ರತಿಷ್ಠೆ ಬೆಳೆದಂತೆ ದ್ರಷ್ಟಾರರೂ ಅದರ ಉಡುಪನ್ನು ತೊಟ್ಟರು. 1882ರಲ್ಲಿ ಲಂಡನ್ನಿನಲ್ಲಿ ಅತೀಂದ್ರಿಯ ಸಂಶೋಧನೆಯ ಸಂಘವು ಸ್ಥಾಪಿತವಾಯಿತು. ಅದೇ ವರ್ಷ ಫ್ರೆಡರಿಕ್ ಮೈಯರ್ಸ್ ‘ಟೆಲಿಪತಿ’ ಎಂಬ ಹೆಸರನ್ನು ಕೊಟ್ಟನು. 1888ರಲ್ಲಿ ಜ್ಯಾಕ್ ದ ರಿಪ್ಪರನ ಹತ್ಯೆಗಳು ಲಂಡನ್ನನ್ನು ನಡುಗಿಸಿದಾಗ ರಾಬರ್ಟ್ ಜೇಮ್ಸ್ ಲೀಸ್ ಎಂಬ ಪ್ರೇತವಾದಿ ಪೊಲೀಸರ ಬಳಿಗೆ ಹೋಗಿ ಹಾಸ್ಯಕ್ಕೆ ಗುರಿಯಾದನು. 1895ರ ಹೊತ್ತಿಗೆ ಷಿಕಾಗೋದ ಪತ್ರಿಕೆಯೊಂದರಲ್ಲಿ ಅದೇ ಲೀಸ್ ಹಂತಕನ ಮನೆಯನ್ನೇ ತೋರಿಸಿದ ವೀರನಾಗಿದ್ದನು. 1964ರಲ್ಲಿ ಬಾಸ್ಟನ್ನಿನ ಸರಣಿ ಹತ್ಯೆಗಳ ಪತ್ತೆಗೆ ಬಂದ ಡಚ್ ಮೂಲದ ಪೀಟರ್ ಹುರ್ಕೋಸ್, ಏಣಿಯಿಂದ ಬಿದ್ದು ತಲೆಗೆ ಪೆಟ್ಟಾದಂದಿನಿಂದ ತನಗೆ ದೃಷ್ಟಿ ಬಂತೆನ್ನುತ್ತಿದ್ದವನು, ಪಾದರಕ್ಷೆ ಮಾರುವ ಒಬ್ಬನನ್ನು ಕೊಲೆಗಾರನೆಂದು ತೋರಿಸಿದನು. ಕೊಲೆಗಳನ್ನು ತಾನು ಮಾಡಿದೆನೆಂದು ಆಮೇಲೆ ಒಪ್ಪಿಕೊಂಡವನು ಬೇರೊಬ್ಬ.

ಕಾದಂಬರಿಕಾರನು ಈ ಪರಂಪರೆಯಲ್ಲಿ ಮಾಡಿದ ಬದಲಾವಣೆಯು ಒಂದೇ, ಆದರೆ ಅದು ಮೂಲವನ್ನೇ ತಿರುವಿಹಾಕಿತು. ಕಿಂಗನ ನಾಯಕನಾದ ಜಾನಿ ಸ್ಮಿತ್ ಒಬ್ಬ ಉಪಾಧ್ಯಾಯ. ಅಪಘಾತದಿಂದ ನಾಲ್ಕೂವರೆ ವರ್ಷ ಮೈಮರೆತಿದ್ದು ಎಚ್ಚತ್ತಾಗ ಅವನ ಸ್ಪರ್ಶಕ್ಕೆ ದೃಷ್ಟಿ ಬಂದಿರುತ್ತದೆ. ಅವನ ಕಾಣ್ಕೆ ನಿಜವೆಂದು ಓದುಗನಿಗೆ ಆರಂಭದಿಂದಲೇ ಗೊತ್ತು. ಆದ್ದರಿಂದ ‘ಇದು ಸತ್ಯವೆ?’ ಎಂಬ ಸಿಸೆರೊನ ಪ್ರಶ್ನೆ ಅಲ್ಲಿ ಅಳಿದುಹೋಗಿ, ಸತ್ಯವನ್ನು ಕಂಡವನ ಗತಿಯೇನು ಎಂಬ ಪ್ರಶ್ನೆ ಉಳಿಯುತ್ತದೆ. ಹಂತಕನು ಪೊಲೀಸರವನೇ ಎಂದು ಜಾನಿ ಕಂಡಾಗ, ಸಹಾಯ ಬೇಡಿ ಕರೆದ ಅಧಿಕಾರಿಯೇ ಅದನ್ನು ನಂಬಲೊಲ್ಲನು. ನಂಬಿಕೆ ಹುಟ್ಟಿದ ಮೇಲೆ, ಇಂಥವನು ವಿವಾದಾಸ್ಪದನೆಂದು ಶಾಲೆಯು ಅವನಿಗೆ ಕೆಲಸ ಕೊಡಲೊಲ್ಲದು.

ಪೋಲ್‌ಸ್ಟೆಡ್ಡಿನ ಮಲತಾಯಿಗೂ ಗ್ರೀನ್‌ಬ್ರಯರಿನ ತಾಯಿಗೂ ದರ್ಶನವು ಮಾತಾಡುವ ಅಧಿಕಾರವನ್ನು ತಂದುಕೊಟ್ಟಿತ್ತು. ಕಾದಂಬರಿಯ ನಾಯಕನಿಗೆ ಅದೇ ದರ್ಶನವು ಇದ್ದ ಸಾಧಾರಣ ಬಾಳನ್ನೂ ಕಸಿದುಕೊಂಡಿತು. ಮಾತಿಗೆ ಬೆಲೆಯಿಲ್ಲದವರಿಗೆ ಕನಸು ಆಶ್ರಯವಾಗಿದ್ದ ಕಾಲವು ಸರಿದು, ಎಲ್ಲರ ಮಾತಿಗೂ ಪ್ರಮಾಣ ಕೇಳುವ ಕಾಲ ಬಂದಾಗ, ಪ್ರಮಾಣ ತೋರಲಾಗದ ಸತ್ಯವನ್ನು ಹೊತ್ತವನ ಏಕಾಂತವೇ ಭಯಾನಕ ರಸಕ್ಕೆ ವಸ್ತುವಾಯಿತು. ಹಂತಕನ ಕ್ರೌರ್ಯಕ್ಕಿಂತ ಈ ಏಕಾಂತವೇ ಓದುಗನನ್ನು ಹೆಚ್ಚಾಗಿ ಅಂಜಿಸುವುದಾದರೆ, ತಾನು ಬಲ್ಲುದನ್ನು ಹೇಳಿ ನಂಬಿಸಲಾರದೆ ಹೋದ ಅನುಭವವು ಹಂತಕನ ಭೇಟಿಗಿಂತ ಎಷ್ಟೋ ಪಾಲು ಹೆಚ್ಚು ಜನರಿಗೆ ಪರಿಚಿತವಾದುದೇ ಅದಕ್ಕೆ ಕಾರಣ.