ಸ್ಕ್ವಿಡ್ ಗೇಮ್ ಮೂರನೇ ಸೀಸನ್ ನೋಡುವ ಮುಂಚೆ: ಕೊರಿಯಾದ ಸಾಲ, ನಮ್ಮ ಸಾಲ

2025ರ ಜೂನ್ 27ಕ್ಕೆ ‘ಸ್ಕ್ವಿಡ್ ಗೇಮ್’ ಮೂರನೇ ಸೀಸನ್ ಬಂತು. ಇದೇ ಕೊನೆಯದು ಎಂದು ನಿರ್ದೇಶಕ ಹ್ವಾಂಗ್ ಡಾಂಗ್-ಹ್ಯುಕ್ ಹೇಳಿಬಿಟ್ಟಿದ್ದಾರೆ. ದೇವಲಾಪುರದ ಕಡೆ ನೆಟ್‌ಫ್ಲಿಕ್ಸ್‌ಗೆ ದುಡ್ಡು ಕಟ್ಟಿ ಕೂತು ನೋಡಿದವರಿಗಿಂತ, ಬೆಂಗಳೂರಿಂದ ಹಬ್ಬಕ್ಕೆ ಬಂದ ಹುಡುಗರ ಫೋನಿನಲ್ಲಿ ಅಷ್ಟಿಷ್ಟು, ವಾಟ್ಸಾಪ್‌ನಲ್ಲಿ ಬಂದ ತುಣುಕುಗಳಲ್ಲಿ ಅಷ್ಟಿಷ್ಟು ನೋಡಿದವರೇ ಜಾಸ್ತಿ. ಹಾಗೆ ನೋಡಿದವರಿಗೆ ಗೊಂಬೆ ನೆನಪಿರುತ್ತದೆ, ಗುಂಡಿನ ಸದ್ದು ನೆನಪಿರುತ್ತದೆ, ಕಥೆ ಮರೆತಿರುತ್ತದೆ. ಅದಕ್ಕೇ ಇಲ್ಲಿ ಕಥೆಯನ್ನು ಮೊದಲಿಂದ ಹೇಳುತ್ತಿದ್ದೇವೆ. ಜೊತೆಗೆ ಆ ಕಥೆ ಹುಟ್ಟಿದ ಚರಿತ್ರೆಯನ್ನೂ ಹೇಳುತ್ತೇವೆ, ಯಾಕೆಂದರೆ ಅದು ನಮ್ಮ ಮಂಡ್ಯ ಸೀಮೆಗೆ ಅಷ್ಟೇನೂ ದೂರದ್ದಲ್ಲ. ಇನ್ನೂ ನೋಡದವರು, ಗುಟ್ಟು ಬಿಟ್ಟುಕೊಡಬೇಡಿ ಅನ್ನುವವರು, ಇಲ್ಲೇ ನಿಲ್ಲಿಸಿ.

ಸೊಂಗ್ ಗಿ-ಹುನ್ ಕೆಲಸ ಕಳೆದುಕೊಂಡ ಗಂಡಸು. ಹೆಂಡತಿ ಬಿಟ್ಟಿದ್ದಾಳೆ, ಮಗಳು ಅವಳ ಜೊತೆ. ತಾಯಿ ಬೀದಿಬದಿಯಲ್ಲಿ ವ್ಯಾಪಾರ ಮಾಡುತ್ತಾಳೆ, ಇವನು ಕುದುರೆ ರೇಸಿಗೆ ದುಡ್ಡು ಹಾಕುತ್ತಾನೆ. ಬಡ್ಡಿಗೆ ಸಾಲ ಕೊಟ್ಟವರು ಇವನನ್ನು ಹಿಡಿದು, ಗಡುವಿನೊಳಗೆ ಕಟ್ಟದಿದ್ದರೆ ದೇಹದ ಮೇಲೆ ಹಕ್ಕಿಲ್ಲ ಎಂಬ ಕಾಗದಕ್ಕೆ ಮೂಗಿನಿಂದ ಸುರಿಯುವ ರಕ್ತದಲ್ಲೇ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಆಮೇಲೆ ರೈಲು ನಿಲ್ದಾಣದಲ್ಲಿ ಕೋಟು ಹಾಕಿದವನೊಬ್ಬ ಸಿಗುತ್ತಾನೆ, ಒಂದು ಚೀಟಿ ಕೊಡುತ್ತಾನೆ. ಕಣ್ಣು ಬಿಟ್ಟಾಗ ಗಿ-ಹುನ್ ಒಂದು ದ್ವೀಪದಲ್ಲಿರುತ್ತಾನೆ. ಎದೆಯ ಮೇಲೆ 456 ಎಂಬ ನಂಬರು.

ಅಲ್ಲಿರುವ 456 ಜನರೂ ಸಾಲದವರು. ಆರು ಆಟ, ಎಲ್ಲವೂ ಮಕ್ಕಳ ಆಟ. ಸೋತವರಿಗೆ ಗುಂಡು. ಒಬ್ಬ ಸತ್ತರೆ ಹುಂಡಿಗೆ 10 ಕೋಟಿ ವಾನ್ ಬೀಳುತ್ತದೆ. ಒಟ್ಟು 4,560 ಕೋಟಿ ವಾನ್, ನಮ್ಮ ಲೆಕ್ಕದಲ್ಲಿ ಸುಮಾರು 280 ಕೋಟಿ ರೂಪಾಯಿ. ಆಟಗಳಲ್ಲಿ ಕೆಲವು ನಮಗೆ ಹೇಳಿಕೊಡಬೇಕಾದ್ದೇ ಇಲ್ಲ: ಹಗ್ಗ ಜಗ್ಗಾಟ, ಗೋಲಿ. ಕೊನೆಯ ಸ್ಕ್ವಿಡ್ ಆಟದಲ್ಲಿ ನೆಲಕ್ಕೆ ಗೆರೆ ಎಳೆದು ಕುಂಟುತ್ತಾರೆ. ಅದನ್ನು ನೋಡಿದಾಗ ನಮ್ಮ ಗುಂಪಿನ ಹುಡುಗಿಯರೆಲ್ಲ ‘ಅಯ್ಯೋ ಕುಂಟೆಬಿಲ್ಲೆ’ ಅಂದರು.

ಮೊದಲ ಆಟದಲ್ಲೇ 255 ಜನ ಹೆಣವಾದರು. ಉಳಿದ 201 ಜನ ಮುಂದುವರಿಯಬೇಕೋ ಬೇಡವೋ ಎಂದು ಮತ ಹಾಕಿದರು. 100ಕ್ಕೆ 100 ಬಂದು ನಿಂತಾಗ ಕೊನೆಯ ಮತ ಒಂದನೇ ನಂಬರಿನ ಮುದುಕನದು. ಅವನು ಬೇಡ ಅಂದ, ಎಲ್ಲರನ್ನೂ ಮನೆಗೆ ಬಿಟ್ಟರು. ಬಹಳ ಜನ ಈ ಭಾಗವನ್ನು ಓಡಿಸಿಕೊಂಡು ನೋಡುತ್ತಾರೆ, ಗುಂಡು ಇಲ್ಲವಲ್ಲ! ನಮ್ಮ ಪ್ರಕಾರ ಇಡೀ ಕಥೆಯ ತಿರುಳು ಇಲ್ಲೇ ಇದೆ. ಮನೆಗೆ ಹೋದ 201 ಜನರಲ್ಲಿ 187 ಜನ ತಾವಾಗಿಯೇ ವಾಪಸ್ ಬಂದರು. ಹೊರಗಿದ್ದ ಸಾಲ ಅಲ್ಲೇ ಇತ್ತಲ್ಲ.

ಜೊತೆಗಾರರಲ್ಲಿ ಸಾಂಗ್-ವೂ ಊರಿಗೇ ಹೆಮ್ಮೆಯ ಹುಡುಗ, ದೊಡ್ಡ ಯೂನಿವರ್ಸಿಟಿಯಲ್ಲಿ ಓದಿದವನು, ಷೇರು ವ್ಯವಹಾರದಲ್ಲಿ 600 ಕೋಟಿ ವಾನ್ ಮುಳುಗಿಸಿಕೊಂಡಿದ್ದಾನೆ. ಸೇ-ಬ್ಯೊಕ್ ಉತ್ತರ ಕೊರಿಯಾದಿಂದ ತಪ್ಪಿಸಿಕೊಂಡು ಬಂದ ಹುಡುಗಿ. ಪಾಕಿಸ್ತಾನದಿಂದ ಕೂಲಿಗೆ ಹೋದ ಅಲಿಗೆ ಕಾರ್ಖಾನೆಯವನು ತಿಂಗಳುಗಟ್ಟಲೆ ಸಂಬಳ ಕೊಟ್ಟಿಲ್ಲ. ಆ ಪಾತ್ರ ಮಾಡಿದ ಅನುಪಮ್ ತ್ರಿಪಾಠಿ ನಮ್ಮ ದೆಹಲಿಯವರು. ಗೋಲಿ ಆಟಕ್ಕೆ ಜೋಡಿ ಕಟ್ಟಿಕೊಳ್ಳಿ ಅಂದಾಗ ಎಲ್ಲರೂ ಇಷ್ಟದವರನ್ನೇ ಆರಿಸಿಕೊಳ್ಳುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಆಟ ಆ ಜೋಡಿಯವರ ಮಧ್ಯೆಯೇ, ಉಳಿಯುವವರು ಒಬ್ಬರೇ ಎಂದು. ಅಣ್ಣ ಎಂದು ನಂಬಿದ ಅಲಿಗೆ ಸಾಂಗ್-ವೂ ಗೋಲಿಯ ಬದಲು ಕಲ್ಲು ತುಂಬಿಕೊಟ್ಟು ಹೊರಟುಹೋಗುತ್ತಾನೆ.

ಕೊನೆಗೆ ಗೆದ್ದವನು ಗಿ-ಹುನ್. ಮನೆಗೆ ಬರುವಷ್ಟರಲ್ಲಿ ತಾಯಿ ಸತ್ತಿದ್ದಾಳೆ. ಆಟ ಕಟ್ಟಿದ ಧಣಿ ಯಾರೆಂದರೆ ಆ ಒಂದನೇ ನಂಬರಿನ ಮುದುಕನೇ. ಅವನ ಕಸುಬು ದುಡ್ಡು ಬೆಳೆಸುವುದು. ದುಡ್ಡು ಜಾಸ್ತಿಯಾಗಿ ಬೇಸರ ಬಂದು ಈ ಆಟ ಕಟ್ಟಿದನಂತೆ.

ಇದನ್ನು ಬರೀ ಕಲ್ಪನೆ ಎಂದುಕೊಳ್ಳುವ ಹಾಗಿಲ್ಲ. 1997ರ ಕೊನೆಯಲ್ಲಿ ದಕ್ಷಿಣ ಕೊರಿಯಾದ ಖಜಾನೆಯಲ್ಲಿ ಡಾಲರ್ ಬರಿದಾಯಿತು. ನವೆಂಬರ್‌ನಲ್ಲಿ ಸರ್ಕಾರ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಕೈಯೊಡ್ಡಿತು. ಮಾರನೇ ವರ್ಷ ಜನ ಸಾಲುಗಟ್ಟಿ ನಿಂತು ದೇಶದ ಸಾಲ ತೀರಿಸಲು ಮದುವೆ ಉಂಗುರ, ಮಕ್ಕಳ ಹುಟ್ಟುಹಬ್ಬದ ಉಂಗುರ ಬಿಚ್ಚಿಕೊಟ್ಟರು. ಸುಮಾರು 35 ಲಕ್ಷ ಜನ, 227 ಟನ್ ಬಂಗಾರ. ದೇಶ 2001ರಲ್ಲಿ, ಗಡುವಿಗೂ ಮುಂಚೆ, ಆ ನಿಧಿಯ ಸಾಲ ತೀರಿಸಿತು. ಬಂಗಾರ ಕೊಟ್ಟ ಮನೆಗಳ ಪಾಡು ಬೇರೆ. ನಿಧಿಯ ಷರತ್ತಿನಂತೆ ಕಂಪನಿಗಳಿಗೆ ಕೆಲಸದಿಂದ ತೆಗೆಯುವುದು ಸಲೀಸಾಯಿತು, ಜನ ಖರ್ಚು ಮಾಡಲಿ ಎಂದು ಸರ್ಕಾರವೇ ಕ್ರೆಡಿಟ್ ಕಾರ್ಡಿಗೆ ಉತ್ತೇಜನ ಕೊಟ್ಟಿತು. 2003ರ ಹೊತ್ತಿಗೆ ಕಾರ್ಡ್ ಸಾಲ ಕಟ್ಟಲಾಗದವರು ಲಕ್ಷಗಟ್ಟಲೆ. ದೇಶದ ಸಾಲ ಹೀಗೆ ಮನೆಮನೆಗೆ ಹಂಚಿಹೋಯಿತು.

ಗಿ-ಹುನ್ ಕೆಲಸ ಮಾಡುತ್ತಿದ್ದುದು ‘ಡ್ರ್ಯಾಗನ್ ಮೋಟರ್ಸ್’ ಎಂಬ ಕಾರು ಕಂಪನಿಯಲ್ಲಿ. ಮುಷ್ಕರದ ದಿನ ಕಣ್ಣೆದುರೇ ಗೆಳೆಯ ಸತ್ತದ್ದನ್ನು ಅವನು ನೆನೆಸಿಕೊಳ್ಳುತ್ತಾನೆ. ಇದರ ಹಿಂದಿರುವುದು ಸಾಂಗ್‌ಯಾಂಗ್ ಮೋಟರ್. 2009ರಲ್ಲಿ ಆ ಕಂಪನಿ 2,600ಕ್ಕೂ ಹೆಚ್ಚು ಜನರನ್ನು ತೆಗೆಯಲು ಹೊರಟಾಗ ಕಾರ್ಮಿಕರು ಪ್ಯಾಂಗ್‌ಟೆಕ್ ಕಾರ್ಖಾನೆಯನ್ನೇ ಹಿಡಿದು 77 ದಿನ ಒಳಗೆ ಕೂತರು. ಪೊಲೀಸರು ಹೆಲಿಕಾಪ್ಟರಿನಿಂದ ಅಶ್ರುವಾಯು ಸುರಿದು ಚಾವಣಿಗೆ ಇಳಿದು ಬಡಿದರು. ಆಮೇಲಿನ ವರ್ಷಗಳಲ್ಲಿ ಆ ಕಾರ್ಮಿಕರು ಮತ್ತು ಮನೆಯವರಲ್ಲಿ ಸುಮಾರು 30 ಜನ ಆತ್ಮಹತ್ಯೆ, ಕಾಯಿಲೆಗಳಿಂದ ತೀರಿಕೊಂಡರು. ಟ್ರ್ಯಾಕ್ಟರ್ ಮಾಡುವ ನಮ್ಮ ಮಹೀಂದ್ರ 2011ರಲ್ಲಿ ಕೊಂಡದ್ದು ಇದೇ ಸಾಂಗ್‌ಯಾಂಗನ್ನು. ಗಲಾಟೆ ಆದದ್ದು ಅದಕ್ಕೂ ಮುಂಚೆ, ಹಿಂದಿನ ಮಾಲೀಕರ ಕಾಲದಲ್ಲಿ.

ಮುಷ್ಕರ ಮಾಡಿದ ತಪ್ಪಿಗೆ ಕಂಪನಿಗೂ ಪೊಲೀಸರಿಗೂ 470 ಕೋಟಿ ವಾನ್ ನಷ್ಟ ಕಟ್ಟಿಕೊಡಿ ಎಂದು 2013ರಲ್ಲಿ ಕೋರ್ಟು ಹೇಳಿತು. ಕೆಲಸವೂ ಇಲ್ಲ, ಮೇಲೆ ಸಾಲ. ಆಗ ಒಬ್ಬ ಓದುಗರು ಒಂದು ಪತ್ರಿಕೆಗೆ 47,000 ವಾನ್ ಕಳುಹಿಸಿದರು. ಒಂದು ಲಕ್ಷ ಜನ ಇಷ್ಟಿಷ್ಟೇ ಕೊಟ್ಟರೆ 470 ಕೋಟಿ ಆಗುತ್ತದಲ್ಲ ಎಂಬ ಲೆಕ್ಕ ಅವರದು. ಹಳದಿ ಲಕೋಟೆಗಳಲ್ಲಿ ದುಡ್ಡು ಬರತೊಡಗಿತು. ಮದುವೆ ಮನೆಯ ಮುಯ್ಯಿ ಗೊತ್ತಿರುವ ನಮಗೆ ಈ ಲೆಕ್ಕ ಅರ್ಥವಾಗುತ್ತದೆ.

ಈಗ ನಮ್ಮ ಕಡೆ ಬನ್ನಿ. ಸಾಲಕ್ಕೆ ಮೈಯನ್ನೇ ಬರೆದುಕೊಡುವುದು ಹಳೇ ಮೈಸೂರು ಸೀಮೆಗೆ ಹೊಸದೇನಲ್ಲ, ಅದಕ್ಕೆ ಜೀತ ಎಂದು ಹೆಸರು. ಅಪ್ಪ ತಂದ ಅಸಲಿಗೆ ಮಗ ದನ ಕಾಯುತ್ತಿದ್ದ, ಅಸಲು ಹಾಗೇ ಇರುತ್ತಿತ್ತು. ಅದನ್ನು ಕಾನೂನಾಗಿ ರದ್ದು ಮಾಡಿದ್ದು 1976ರಲ್ಲಿ. ಅದೇ ವರ್ಷ ದೇವರಾಜ ಅರಸು ಸರ್ಕಾರ ಋಣ ಪರಿಹಾರ ಕಾಯ್ದೆ ತಂದು ಸಣ್ಣ ರೈತರು, ಭೂಮಿಯಿಲ್ಲದ ಕೂಲಿಗಳು ಖಾಸಗಿಯವರಿಗೆ ಕೊಡಬೇಕಿದ್ದ ಸಾಲ ತೊಡೆದುಹಾಕಿತು. ಅಂಥದ್ದೇ ಇನ್ನೊಂದು ಕಾಯ್ದೆ 2019ರ ಜುಲೈನಲ್ಲಿ ಜಾರಿಗೆ ಬಂತು. ಎಚ್.ಡಿ. ಕುಮಾರಸ್ವಾಮಿ ಅದನ್ನು ಪ್ರಕಟಿಸಿದ್ದು ವಿಶ್ವಾಸಮತ ಸೋತ ಮರುದಿನ! ವರ್ಷಕ್ಕೆ 1.20 ಲಕ್ಷ ರೂಪಾಯಿ ಆದಾಯದೊಳಗಿನವರು 90 ದಿನದಲ್ಲಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕಿತ್ತು, ಅಂದರೆ ನಾಗಮಂಗಲದವರು ಪಾಂಡವಪುರದ ಎಸಿ ಕಚೇರಿಗೆ. ಇವೆರಡರ ನಡುವೆ 2015 ಬಂದು ಹೋಯಿತು. ಆ ವರ್ಷ ಸಕ್ಕರೆ ಕಾರ್ಖಾನೆಗಳು ಬಾಕಿ ಉಳಿಸಿಕೊಂಡು, ಕಬ್ಬಿನ ಬೆಲೆ ಬಿದ್ದು, ರೈತರ ಸಾವಿನ ಸುದ್ದಿ ಅಂದರೆ ಮಂಡ್ಯದ ಹೆಸರೇ ಮೊದಲು ಬರುತ್ತಿತ್ತು. ಅದು ಈ ಭಾಗದ ಎಲ್ಲರಿಗೂ ನೆನಪಿದೆ, ಮತ್ತೆ ಬಿಡಿಸಿ ಹೇಳುವುದಿಲ್ಲ.

ಹೇಳಬೇಕಾದ್ದು ಸಂಘದ ಸಾಲದ ಬಗ್ಗೆ. ಮೈಕ್ರೋಫೈನಾನ್ಸ್ ಪದ್ಧತಿಯನ್ನು ಬಾಂಗ್ಲಾದೇಶದ ಮಹಮ್ಮದ್ ಯೂನುಸ್ ಅವರ ಗ್ರಾಮೀಣ ಬ್ಯಾಂಕ್ ಜಗತ್ತಿಗೆ ಪರಿಚಯಿಸಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಅಡಮಾನ ಬೇಡ, ಒಡವೆ ಬೇಡ, ಪಹಣಿ ಬೇಡ. ಅಡಮಾನದ ಜಾಗದಲ್ಲಿ ಇರುವುದು ಗುಂಪು. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ಕೂಡಿಸಿ ಕಟ್ಟಬೇಕು. (ಧಾರಾವಾಹಿಯ ಭಾಗಕ್ಕೂ ಸಾಲದ ಪಾಲಿಗೂ ಕನ್ನಡದಲ್ಲಿ ಕಂತು ಎಂಬ ಒಂದೇ ಮಾತು ಇರುವುದು ಈ ಲೇಖನ ಬರೆಯುವಾಗಲೇ ನಮಗೆ ಹೊಳೆದದ್ದು.) ಒಳ್ಳೆಯ ಕಾಲದಲ್ಲಿ ಇದು ಒಬ್ಬರಿಗೊಬ್ಬರ ಆಸರೆ. ಮಳೆ ಕೈಕೊಟ್ಟ ವರ್ಷ, ಒಂದೇ ಮನೆಯಲ್ಲಿ ನಾಲ್ಕು ಸಂಘದ ಸಾಲ ಇದ್ದಾಗ, ಪಕ್ಕದ ಮನೆಯ ಅಕ್ಕನೇ ವಸೂಲಿಗೆ ಬಂದು ಜಗಲಿಯ ಮೇಲೆ ಕೂರುತ್ತಾಳೆ. ಕಂಪನಿಯ ಹುಡುಗ ಬೈಕಿನ ಮೇಲೆ ಕೂತು ಫೋನ್ ನೋಡುತ್ತಿರುತ್ತಾನೆ. ಇಲ್ಲಿ ಜಗಳ ಸಾಲ ತಂದವರ ಮಧ್ಯೆಯೇ ನಡೆಯುತ್ತದೆ. ಗೋಲಿ ಆಟದ ಜೋಡಿ ಇದೇ ಅಲ್ಲವೇ?

ಕರ್ನಾಟಕದಲ್ಲಿ ಇದು ಮೊದಲು ಬಿರುಕು ಬಿಟ್ಟಿದ್ದು 2009ರಲ್ಲಿ, ಕೋಲಾರ, ರಾಮನಗರದಂಥ ರೇಷ್ಮೆ ಊರುಗಳಲ್ಲಿ ಜನ ಕಂತು ಕಟ್ಟುವುದನ್ನೇ ನಿಲ್ಲಿಸಿದಾಗ. 2010ರ ಅಕ್ಟೋಬರ್‌ನಲ್ಲಿ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ನಮ್ಮಲ್ಲಿ ಅದಕ್ಕೆ 2025 ಬರಬೇಕಾಯಿತು. ಆ ವರ್ಷದ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಬಂತು, ಮಂಡ್ಯ ಜಿಲ್ಲೆಯಿಂದಲೂ ಸಾವಿನ ಸುದ್ದಿ ಬಂತು. ಹಾವೇರಿಯ ಮಹಿಳೆಯರು ಮಾಂಗಲ್ಯ ಉಳಿಸಿಕೊಡಿ ಎಂದು ಮುಖ್ಯಮಂತ್ರಿಗೆ ಮಾಂಗಲ್ಯ ಸರವನ್ನೇ ಅಂಚೆಯಲ್ಲಿ ಕಳುಹಿಸಿದರು. ಕೊರಿಯಾದ ಹೆಂಗಸರು ಉಂಗುರ ಕೊಟ್ಟದ್ದು ದೇಶದ ಸಾಲಕ್ಕೆ.

ರಾಜ್ಯಪಾಲರು ಒಮ್ಮೆ ವಾಪಸ್ ಕಳುಹಿಸಿದ ಸುಗ್ರೀವಾಜ್ಞೆಗೆ ಫೆಬ್ರವರಿ 12ರಂದು ಅಂಕಿತ ಬಿತ್ತು, ಮಾರ್ಚ್‌ನಲ್ಲಿ ಅದೇ ಮಸೂದೆಯಾಗಿ ಅಂಗೀಕಾರವಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕು, ಹಣಕಾಸು ಕಂಪನಿಗಳು ಇದರ ಹೊರಗೆ. ಅವುಗಳಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಹಾಕಿದ ನಿಯಮವೇ ಆಧಾರ: ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಸಾಲದ ಫೋನ್ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ. ಹಾಗಾಗಿ ಬಾಗಿಲಿಗೆ ಬಂದವರನ್ನು ಮೊದಲು ಕೇಳಬೇಕಾದ್ದು, ನಿಮ್ಮ ನೋಂದಣಿ ಎಲ್ಲಿಯದು ಎಂದು. ಮನಸ್ಸು ತೀರಾ ಕುಗ್ಗಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ದುಡ್ಡು ಕೊಡಬೇಕಿಲ್ಲ.

ಎರಡನೇ ಸೀಸನ್ ಬಂದದ್ದು 2024ರ ಡಿಸೆಂಬರ್ 26ಕ್ಕೆ, ಅಂದರೆ ಇಲ್ಲಿ ಜನ ಊರು ಬಿಡುತ್ತಿದ್ದ ಹೊತ್ತಿಗೇ. ಮೂರು ವರ್ಷ ಕಳೆದಿದೆ. ಗೆದ್ದ ದುಡ್ಡನ್ನು ಆ ಕೋಟಿನವನನ್ನು ಹುಡುಕಲು ಸುರಿದ ಗಿ-ಹುನ್, ಆಟ ನಿಲ್ಲಿಸುವ ಹಟದಲ್ಲಿ ಮತ್ತೆ ಒಳಗೆ ಹೋಗುತ್ತಾನೆ. ಈ ಸಲ ಒಂದನೇ ನಂಬರಿನಲ್ಲಿ ಆಟ ನಡೆಸುವ ಮುಖವಾಡದ ಮುಖ್ಯಸ್ಥನೇ ಬಂದು ಸೇರಿಕೊಳ್ಳುತ್ತಾನೆ. ಗಿ-ಹುನ್‌ಗೆ ಅದು ಗೊತ್ತಿಲ್ಲ. ಬುಗುರಿಯೂ ಇದೆ, ಐದು ಕಲ್ಲಿನ ಆಟವೂ ಇದೆ. ಮಗನ ಸಾಲ ತೀರಿಸಲು ಬಂದ ಮುದುಕಿ ಗ್ಯೂಮ್-ಜಾ, ಅದೇ ಸಾಲಕ್ಕೆ ಬಂದಿದ್ದ ಮಗ ಯಾಂಗ್-ಸಿಕ್‌ನನ್ನು ಅಲ್ಲಿಯೇ ಎದುರುಗೊಳ್ಳುತ್ತಾಳೆ. ಯೂಟ್ಯೂಬ್‌ನಲ್ಲಿ ಕ್ರಿಪ್ಟೋ ಮಾರಿ ಜನರನ್ನು ಮುಳುಗಿಸಿದ ಮ್ಯೂಂಗ್-ಗಿ ಇದ್ದಾನೆ, ಅವನಿಂದ ಬಸುರಿಯಾದ ಜುನ್-ಹಿ ಇದ್ದಾಳೆ.

ಪ್ರತಿ ಆಟದ ನಂತರವೂ ಮತದಾನ. ಮುಂದುವರಿಸುವವರಿಗೆ ನೀಲಿ ಸೊನ್ನೆ, ಸಾಕು ಅನ್ನುವವರಿಗೆ ಕೆಂಪು ಗುಣಿಸು ಗುರುತು, ಅದನ್ನು ಎದೆಗೆ ಅಂಟಿಸಿಕೊಳ್ಳಬೇಕು. ಮೊದಲ ಸಲ 183ಕ್ಕೆ 182. ಆಟ ಮುಂದುವರಿಸಿದ್ದು ಕೊನೆಯಲ್ಲಿ ಬಿದ್ದ ಆ ಒಂದನೇ ನಂಬರಿನ ಮತ. ಮೂರನೇ ಸಲ 50ಕ್ಕೆ 50. ಆ ರಾತ್ರಿ ಎರಡು ಕಡೆಯವರೂ ಫೋರ್ಕು, ಬಾಟಲಿ ಹಿಡಿದು ಒಬ್ಬರನ್ನೊಬ್ಬರು ಕೊಂದರು, ಕಾವಲುಗಾರರು ಹೊರಗೆ ನಿಂತು ಹುಂಡಿ ತುಂಬುವುದನ್ನು ನೋಡುತ್ತಿದ್ದರು. ಗಿ-ಹುನ್ ಬಂದೂಕು ಕಸಿದುಕೊಂಡು ಮೇಲೆ ಕೂತವರ ಮೇಲೇ ಹೋಗಲು ಹೊರಟ. ಗುಂಡು ತರಲು ಹೋದ ದೇ-ಹೊ ಹೆದರಿ ವಾಪಸ್ ಬರಲಿಲ್ಲ. ಮುಷ್ಕರದ ದಿನಗಳಿಂದ ಜೊತೆಗಿದ್ದ ಗೆಳೆಯ ಜುಂಗ್-ಬೇಯನ್ನು ಮುಖವಾಡದವನು ಗಿ-ಹುನ್ ಕಣ್ಣೆದುರೇ ಗುಂಡಿಟ್ಟು ಕೊಂದ.

ಅತ್ತ ಸಮುದ್ರದಲ್ಲಿ ದ್ವೀಪ ಹುಡುಕುತ್ತಿರುವ ಪೊಲೀಸ್ ಜುನ್-ಹೊಗೆ, ದೋಣಿ ನಡೆಸುವ ಮುದುಕನೇ ಆಟದವರ ಕಡೆಯವನು ಎಂಬುದು ಇನ್ನೂ ತಿಳಿದಿಲ್ಲ. ಮುಖವಾಡದವನು ತನ್ನ ಅಣ್ಣ ಎಂಬುದು ಅವನಿಗೆ ಮೊದಲ ಸೀಸನ್‌ನಲ್ಲೇ ಗೊತ್ತಾಗಿದೆ. ಹೆಸರುಗಳೆಲ್ಲ ಬಂದುಹೋದ ಮೇಲೆ, ತೀರಾ ಕೊನೆಯಲ್ಲಿ, ಹಳೇ ಗೊಂಬೆಯ ಪಕ್ಕ ಒಂದು ಹುಡುಗ ಗೊಂಬೆ ಬಂದು ನಿಲ್ಲುತ್ತದೆ. ಮೂರನೇ ಸೀಸನ್ ಕಥೆ ಶುರುವಾಗುವುದು ಅಲ್ಲಿಂದ, ಒಳಗೆ ಇನ್ನೂ ಆಟ ಬಾಕಿ ಇದೆ.